ನುಡಿ ನಡೆಗಳ ನಡುವಿನ ಗುಂಡಿ

ಅತ್ತಿಬೆಲೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ. "ನಿಮ್ ಕಡೆ ಊಟ ಎಲ್ಲಾ ಹೆಂಗೆ?" ಅಂತಾರೆ. ಉತ್ತರ ಸಿಕ್ಕಿದ ಮೇಲೆ "ಅಯ್ಯೋ, ನಿನ್ನೇನೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದ್ರಲ್ಲಪ್ಪಾ." ಇಂಥ ಯಜಮಾನರೇ ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ, ಮೈಕಿನ ಮುಂದೆ ನಾವೆಲ್ಲ ಒಂದೇ ತಾಯಿಯ ಮಕ್ಕಳು ಅಂತ ಗಂಟಲು ಹರಿದುಕೊಳ್ಳುತ್ತಾರೆ.

ಇದನ್ನು ಬೂಟಾಟಿಕೆ ಅಂತ ಬೈದು ಸುಮ್ಮನಾಗಬಹುದು. ಆದರೆ ಆತ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ. ಮಾತಾಡುವ ಹೊತ್ತಿಗೆ ಅವನ ಕಣ್ಣು ನಿಜಕ್ಕೂ ತುಂಬಿರಬಹುದು. ಹಾರ ಹಾಕಿದ್ದೇ ಅವನ ಪಾಲಿನ ಸಾಲ ತೀರಿತು. ಆಡಿದ ಮಾತು ಮಾಡಿದ ಕೆಲಸವಾಗಿ ಅವನ ಲೆಕ್ಕದಲ್ಲಿ ಜಮಾ ಆಯಿತು.

ಸರ್ಕಾರದ ಲೆಕ್ಕವೂ ಹೀಗೇ. ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದುವುದು ಕಡ್ಡಾಯ ಅಂತ 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೀರ್ಮಾನಿಸಿತು. ಒಳ್ಳೇದೇ. ಅದೇ ಡಿಸೆಂಬರ್‌ನಲ್ಲಿ, ನಮ್ಮ ಸರ್ಜಾಪುರದ ಆಚೆಯ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಹಾಗೆ ಯಾರನ್ನೂ ಇಳಿಸಬಾರದು ಅನ್ನುವ ಕಾನೂನಿಗೆ ಆಗಲೇ ಹತ್ತು ವರ್ಷ. ಪೀಠಿಕೆ ಓದಿಸಬೇಕಾದ ಶಾಲೆಯೇ ಗುಂಡಿಗೂ ಇಳಿಸಿತು.

ನುಡಿಗೂ ನಡೆಗೂ ಅಂತರ ಇದೆ ಅಂತ ಉಪನ್ಯಾಸ ಕೊಡುವವರ ಮಾತು ಕೇಳಿದರೆ ಆ ಅಂತರ ಖಾಲಿ ಬಯಲೇನೋ ಅನ್ನಿಸುತ್ತದೆ. ಅಲ್ಲ ಸ್ವಾಮಿ, ಅಲ್ಲಿ ಜನ ಇದ್ದಾರೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮು ಹೊತ್ತಿ ಉರಿದಾಗ ಸತ್ತವರಲ್ಲಿ ತಮಿಳುನಾಡಿನಿಂದ ದೀಪಾವಳಿ ಕೂಲಿಗೆ ಬಂದಿದ್ದ ಓದೋ ಹುಡುಗರಿದ್ದರು. ಸುರಕ್ಷತೆಯ ನಿಯಮಗಳು ಆವತ್ತೂ ಕಾಗದದಲ್ಲಿ ಇದ್ದವು.

ಸಂವಿಧಾನ ಬರೆದ ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಜನವರಿ 26ರಿಂದ ನಮ್ಮದು ವೈರುಧ್ಯದ ಬದುಕು, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಲ್ಲಿ ಅಸಮಾನತೆ ಎಂದು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಗೆ ಎಚ್ಚರಿಸಿದರು. ಹಾಗಂತ ಸಮಾನತೆ ಅನ್ನುವ ಮಾತನ್ನು ಅಳಿಸಿ ಹಾಕಲಿಲ್ಲ.

ನಮ್ಮನ್ನು ಕಂಡರೆ ಮೇಲ್ಜಾತಿ ಗೆಳೆಯರು ಒಂದು ಪ್ರಶ್ನೆ ರೆಡಿ ಇಟ್ಟುಕೊಂಡಿರುತ್ತಾರೆ: "ನಿಮ್ಮಲ್ಲೇ ಎಡಗೈಯೋರು ಬಲಗೈಯೋರು ಒಟ್ಟಿಗೆ ಉಣ್ಣಲ್ಲ, ನಮಗೇನ್ರೀ ಹೇಳೋದು?" ಉಣ್ಣದಿರುವುದು ಎಷ್ಟೋ ಕಡೆ ನಿಜ. ಆದರೆ ಕೇಳುವವರಿಗೆ ನಾವು ಕೂಡಿ ಉಣ್ಣುವುದು ಬೇಕಿಲ್ಲ, ನಮ್ಮ ಬಾಯಿ ಮುಚ್ಚಿದರೆ ಸಾಕು. ಹೇಳುವವನು ನೆಟ್ಟಗಾಗುವ ತನಕ ಹೇಳಲೇಬಾರದು ಅಂದರೆ ಗುಂಡಿಯಲ್ಲಿರುವ ಹುಡುಗ ಎಷ್ಟು ದಿನ ಕಾಯಬೇಕು? ಪೀಠಿಕೆಯ ಮಾತು ಓದಿಸುವ ಮೇಷ್ಟರದ್ದಲ್ಲ, ಆ ಹುಡುಗನದ್ದು.

ಇನ್ನು ನಮ್ಮ ಮನೆ ವಿಚಾರ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಅಪ್ಪಂದಿರಿಬ್ಬರೂ ಪ್ರಾಣ ತೆತ್ತರು ಅನ್ನುತ್ತವೆ ಶರಣರ ಕಥೆಗಳು. ಆ ಕಥೆ ಹೇಳಿ ನಾವು ಎಷ್ಟು ಸಭೆಗಳಲ್ಲಿ ಚಪ್ಪಾಳೆ ಹೊಡೆಸಿಕೊಂಡಿದ್ದೇವೆ! ಪಕ್ಕದ ಕೇರಿಯಲ್ಲಿ ಉಂಡು ಬರುವುದು ನಮಗೂ ಕಷ್ಟವಿಲ್ಲ, ಫೋಟೋನೂ ತೆಗೆಸಿಕೊಳ್ಳಬಹುದು. ಗೆಳೆಯರೇ, ನಮ್ಮ ಮನೆ ಹೆಣ್ಣುಮಗಳು ಆ ಕೇರಿಯ ಹುಡುಗನ ಹೆಸರು ಹೇಳಿದ ರಾತ್ರಿ, ಮೈಕಿಲ್ಲದ ಆ ಅಡುಗೆ ಮನೆಯಲ್ಲಿ, ನಾವು ಏನಂತೀವಿ?