ಆಸ್ತಿ ಹಂಚಿಕೆ ಮತ್ತು ಮನಸ್ಸಾಕ್ಷಿ

ಮನುಷ್ಯನು ನಾಳೆಗೆಂದು ಮುಂದೂಡುವ ಕೆಲಸಗಳಲ್ಲಿ ಮೃತ್ಯುಪತ್ರ ಬರೆಯುವುದು ಮೊದಲನೆಯದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮ್ಮ ಹಿರಿಯರು ಬರುವ ವರ್ಷದ ಬೀಜವನ್ನು ಈ ವರ್ಷವೇ ಎತ್ತಿಡುತ್ತಾರೆ. ಕಬ್ಬು ಕಾರ್ಖಾನೆಗೆ ಹೋಗುವ ಮುನ್ನವೇ ಅದರ ಹಣದ ಲೆಕ್ಕ ಹಾಕುತ್ತಾರೆ. ಆದರೆ ಹೊಲಮನೆ ತಮ್ಮ ನಂತರ ಯಾರಿಗೆ ಸೇರಬೇಕೆಂದು ಕೇಳಿದರೆ, “ಅದರ ಮಾತು ಈಗ್ಯಾಕ?” ಎಂದು ಮುಖ ತಿರುಗಿಸುತ್ತಾರೆ. ಸಾವಿನ ಹೆಸರೆತ್ತಿದರೆ ಸಾವನ್ನೇ ಕರೆದಂತೆ ಎಂಬ ಅಂಜಿಕೆ ಅವರಿಗೆ. ಆದರೆ ಮೌನವೂ ಒಂದು ತೀರ್ಮಾನವೇ. ನಾವು ಬರೆಯದಿದ್ದರೆ ನಮ್ಮ ಪರವಾಗಿ ಕಾನೂನು ಬರೆಯುತ್ತದೆ.

ಅದು ಬರೆಯುವುದೇನು? ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಅದರಂತೆ, ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯ ಮೂರರಲ್ಲಿ ಒಂದು ಪಾಲು ಹೆಂಡತಿಗೆ. ಉಳಿದ ಎರಡು ಪಾಲು ಮಕ್ಕಳೆಲ್ಲರಿಗೂ ಸಮನಾಗಿ, ಗಂಡು ಹೆಣ್ಣೆಂಬ ಭೇದವಿಲ್ಲದೆ. 6 ಎಕರೆ ಹೊಲ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿದ್ದರೆ ತಾಯಿಗೆ 2 ಎಕರೆ, ಮಕ್ಕಳಿಗೆ ತಲಾ 1 ಎಕರೆ. ನೆರೆಯ ಹಿಂದೂ ಅವಿಭಕ್ತ ಕುಟುಂಬಗಳಲ್ಲಿರುವ ಹುಟ್ಟಿನಿಂದಲೇ ಬರುವ ಹಕ್ಕು ಈ ಅಧಿನಿಯಮದಲ್ಲಿ ಇಲ್ಲ. ತಂದೆ ಬದುಕಿರುವಾಗಲೇ “ನನ್ನ ಹಿಸ್ಸೆ ಕೊಡು” ಎಂದು ಹಟ ಹಿಡಿಯುವ ಮಗನಿಗೆ ಇದರಲ್ಲಿ ಆಧಾರವಿಲ್ಲ.

ಆದರೆ ಕಾಗದದ ಮೇಲಿರುವ ಸಮಾನತೆ ಉತಾರದ ಮೇಲೆ ಕಾಣುವುದು ಅಪರೂಪ. ತಂದೆಯ ಕಾಲಾನಂತರ ಹೆಣ್ಣುಮಕ್ಕಳನ್ನು ಕರೆಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುವುದು ಎಲ್ಲ ಜಾತಿಮತಗಳಲ್ಲೂ ನಡೆದು ಬಂದಿದೆ. ಆಕೆ ಸಹಿ ಮಾಡುತ್ತಾಳೆ, ನಿಜ. ಆದರೆ ಅದು ಒಪ್ಪಿಗೆಯೇ? ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತು, ಅಣ್ಣತಮ್ಮಂದಿರು ಹಬ್ಬಕ್ಕೆ ಕರೆಯಲಾರರು ಎಂಬ ಭಯದಿಂದ ಬಂದ ಸಹಿಯನ್ನು ಸಂಪೂರ್ಣ ಸ್ವಇಚ್ಛೆಯೆಂದು ಕರೆಯಲಾಗದು. ತವರಿನ ಪ್ರೀತಿಗೆ ಬೆಲೆ ಕಟ್ಟಿ, ಆ ಬೆಲೆಯನ್ನು ಅವಳಿಂದಲೇ ವಸೂಲಿ ಮಾಡಿದಂತಾಯಿತು.

ಕೇಳಿದವರ ಗತಿಯೇನು? ಕೇರಳದ ಮೇರಿ ರಾಯ್ ಅವರು ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 1986ರಲ್ಲಿ ಅಲ್ಲಿನ ಹಳೆಯ ತಿರುವಾಂಕೂರು ಸೀಮೆಯ ಕ್ರೈಸ್ತ ಹೆಣ್ಣುಮಕ್ಕಳಿಗೂ 1925ರ ಅಧಿನಿಯಮವೇ ಅನ್ವಯಿಸುತ್ತದೆಂದು ತೀರ್ಪಾಯಿತು. ನಮ್ಮ ಬೆಳಗಾವಿಯ ಸಿವಿಲ್ ನ್ಯಾಯಾಲಯದಲ್ಲಿ 1992ರಲ್ಲಿ ಹಿಂದೂ ಮನೆತನದ ಮಗಳೊಬ್ಬಳು ಪಾಲಿಗಾಗಿ ಹೂಡಿದ ದಾವೆಯು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನಗೊಂಡದ್ದು 2015ರಲ್ಲಿ. 2005ರ ತಿದ್ದುಪಡಿಯ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಆ ಹಕ್ಕು ಎಂದಿತು ಆ ತೀರ್ಪು. ಅದೇ ನ್ಯಾಯಾಲಯದ ಹಿರಿದಾದ ಪೀಠವು 2020ರಲ್ಲಿ ಆ ನಿಲುವನ್ನು ಬದಲಿಸಿತು. ನ್ಯಾಯಾಲಯಗಳಿಗೆ ದಶಕಗಳು ಹಿಡಿದ ಕೆಲಸವನ್ನು ಒಬ್ಬ ತಂದೆ ಒಂದು ಸಂಜೆ ಮಕ್ಕಳೆಲ್ಲರನ್ನೂ ಕೂರಿಸಿಕೊಂಡು ಮಾಡಬಹುದಲ್ಲವೇ?

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಒಬ್ಬ ಮಗ ಹಳ್ಳಿಯಲ್ಲೇ ಉಳಿದು ರಾತ್ರಿ ಕಾಲುವೆ ನೀರು ಹಾಯಿಸಿದ್ದಾನೆ, ಸೊಸೈಟಿ ಸಾಲ ತೀರಿಸಿದ್ದಾನೆ, ಹಾಸಿಗೆ ಹಿಡಿದ ತಂದೆಯ ಸೇವೆ ಮಾಡಿದ್ದಾನೆ. ಪುಣೆಯಲ್ಲಿ ಸುಖವಾಗಿರುವ ಒಡಹುಟ್ಟಿದವರಿಗೂ ಅವನಷ್ಟೇ ಪಾಲು ನ್ಯಾಯವೇ? ಸಮಾನತೆಯೂ ನ್ಯಾಯವೂ ಯಾವಾಗಲೂ ಒಂದೇ ಅಲ್ಲ. ದುಡಿಮೆಗೆ, ಸೇವೆಗೆ ಹೆಚ್ಚು ಕೊಡುವುದು ಸರಿ. ಆದರೆ ಅದೇ ಸೇವೆಯನ್ನು ಮಗಳು ಮಾಡಿದ್ದರೆ ಅವಳಿಗೂ ಹೆಚ್ಚು ಕೊಡುತ್ತಿದ್ದೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಸೇವೆಗಾಗಿ ಹೆಚ್ಚು ಕೊಡುವುದು ಬೇರೆ, ಹೆಣ್ಣೆಂದು ಕಡಿಮೆ ಕೊಡುವುದು ಬೇರೆ. “ಮದುವೆಯಲ್ಲೇ ಕೊಟ್ಟಿದ್ದೇವಲ್ಲ” ಎಂಬ ಮಾತೂ ನಿಲ್ಲದು. ವರದಕ್ಷಿಣೆ ಸೇರಿದ್ದು ಬೀಗರ ಕೈಗೆ. ಅದು 1961ರಿಂದಲೂ ಅಪರಾಧ. ಮಗನ ಓದಿಗೂ ಮದುವೆಗೂ ಆದ ಖರ್ಚನ್ನು ಅವನ ಪಾಲಿನಿಂದ ಯಾರೂ ಕಳೆಯುವುದಿಲ್ಲ.

ಉಯಿಲನ್ನು ಒಮ್ಮೆ ಬರೆದು ಪೆಟ್ಟಿಗೆಯಲ್ಲಿಟ್ಟರೆ ಮುಗಿಯಲಿಲ್ಲ. ಬದುಕು ಬದಲಾದಂತೆ ಅದನ್ನೂ ಮತ್ತೆ ನೋಡಬೇಕು. ಕ್ರೈಸ್ತರಲ್ಲಿ ಬರೆದವನು ಮದುವೆಯಾದರೆ ಹಿಂದಿನ ಉಯಿಲು ತಾನಾಗಿಯೇ ರದ್ದಾಗುತ್ತದೆ. ವಿಧುರನು ಮರುಮದುವೆಯಾದಾಗ ಮೊದಲ ಹೆಂಡತಿಯ ಮಕ್ಕಳು ಇದರಿಂದ ಇಕ್ಕಟ್ಟಿಗೆ ಸಿಲುಕಬಹುದು. ಮಗಳು ವಿಧವೆಯಾಗಿ ಮರಳಿದಾಗ, ಅಂಗವಿಕಲ ಮಗುವಿನ ಭಾರ ಬಂದಾಗ, ಹೊಲ ಮಾರಿದಾಗ, ಹಳೆಯ ಪತ್ರ ಹಳೆಯ ಬದುಕಿನದೇ ಆಗಿ ಉಳಿಯುತ್ತದೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಪಾಲು ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಆ ಪಾಲು ಅವರಿಗೆ ದಕ್ಕದು.

ಬದುಕಿರುವಾಗಲೇ ಎಲ್ಲವನ್ನೂ ಬಕ್ಷೀಸು ಪತ್ರ ಮಾಡಿ ಕೈ ತೊಳೆದುಕೊಳ್ಳುವ ತಂದೆತಾಯಂದಿರಿಗೂ ಒಂದು ಮಾತು. ನಿಮ್ಮ ಪಾಲನೆಯ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿರಿ. ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಅಧಿನಿಯಮದ ಪ್ರಕಾರ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯು ಆ ಪತ್ರವನ್ನು ರದ್ದುಗೊಳಿಸಬಹುದು.

ಧರ್ಮಕಾರ್ಯಕ್ಕೆ ಬರೆಯುವ ಕುರಿತೂ ಹೇಳಬೇಕು. ಹತ್ತಿರದ ಬಂಧುಗಳುಳ್ಳ ಕ್ರೈಸ್ತನು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ ಸಾವಿಗೆ 12 ತಿಂಗಳು ಮೊದಲೇ ಉಯಿಲು ಮಾಡಿರಬೇಕೆಂಬ ನಿಯಮವಿತ್ತು. ಒಬ್ಬ ಯಾಜಕರೂ ಪಾಲ್ಗೊಂಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ತೆಗೆದುಹಾಕಿತು. ಸ್ವಾತಂತ್ರ್ಯ ದೊರಕಿತು, ವಿವೇಕ ನಮ್ಮದಾಗಿರಲಿ. ದೇವರಿಗೆ ಮೀಸಲೆಂದು ಹೇಳಿ ತಂದೆತಾಯಿಗಳನ್ನು ಕೈಬಿಟ್ಟವರನ್ನು ಯೇಸುಸ್ವಾಮಿ ಖಂಡಿಸಿದರು. ವಿಧವೆಯನ್ನು ಬೀದಿಗೆ ತಳ್ಳಿ ಗುಡಿಗೆ ಕೊಟ್ಟ ಹಣ ಕಾಣಿಕೆಯಲ್ಲ.

ಅಣ್ಣನಿಂದ ಪಾಲು ಕೊಡಿಸೆಂದು ಬಂದವನಿಗೆ ಅವರು ನ್ಯಾಯಾಧಿಪತಿಯಾಗಲು ಒಪ್ಪಲಿಲ್ಲ. ಲೋಭದ ಬಗ್ಗೆ ಎಚ್ಚರಿಸಿದರು. ಹಂಚುವ ಹೊಣೆ ನಮ್ಮ ಕೈಯಲ್ಲೇ ಉಳಿಯಿತು. ಮಕ್ಕಳೆಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ದಿನವೇ ಅವರೆದುರು ಈ ಮಾತೆತ್ತಿರಿ. ಎಲ್ಲರೆದುರು ಕಾರಣ ಸಹಿತ ಹೇಳಲಾಗದ ಹಂಚಿಕೆಯಿದ್ದರೆ, ಅದನ್ನು ಬರೆಯುವ ಮುನ್ನ ಇನ್ನೊಮ್ಮೆ ಯೋಚಿಸಿರಿ.