ಕೊರತೆಯಲ್ಲಿ ಕೂಡುವ ಎಣ್ಣೆ

ಕಲ್ಯಾಣದುರ್ಗದ ಕೆಂಪು ಹೊಲದಲ್ಲಿ ಕಿತ್ತು ಒಣಗಿಸಿದ ಕಡಲೆಕಾಯಿಯ ಬೀಜವೊಂದನ್ನು ಕಾಗದದ ಮೇಲಿಟ್ಟು ಉಗುರಿನಿಂದ ಅರೆದರೆ ಬೆಳಕು ಹಾಯುವಂಥ ಜಿಡ್ಡಿನ ಕಲೆ ಬೀಳುತ್ತದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಮಳೆ ಕೈಕೊಡುವ ಸೀಮೆಯಲ್ಲಿ ಇಷ್ಟು ಜಿಡ್ಡು ಕೂಡಿದ್ದು ಹೇಗೆ ಎಂಬ ಬೆರಗು ನನಗಿನ್ನೂ ತೀರಿಲ್ಲ. ಯೀಸ್ಟಿನ ಕಥೆ ತಿಳಿದ ಮೇಲಂತೂ ಅದು ಇಮ್ಮಡಿಯಾಯಿತು.

ಈಚಲ ಮರದ ರಸವನ್ನು ಹೆಂಡವಾಗಿಸುವ ಯೀಸ್ಟನ್ನು ಹಿಂದೂಪುರದ ಕಡೆಯವರಿಗೆ ಪರಿಚಯಿಸಬೇಕಿಲ್ಲ. ಅದರ ದೂರದ ನೆಂಟರು ಕೆಲವರಿದ್ದಾರೆ: ಮಣ್ಣಲ್ಲೇ ಬದುಕುವ ಲಿಪೋಮೈಸಿಸ್, ಜಿಡ್ಡನ್ನು ಮೆಚ್ಚುವ ಯಾರೋವಿಯಾ. ಇವು ಸಕ್ಕರೆಯಂಶವನ್ನು ಉಂಡು ಮೈಯೊಳಗೆ ಎಣ್ಣೆ ಕೂಡಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲದ ಕೋಶದ ತುಂಬ ಹೊಳೆಯುವ ಒಂದು ಹನಿ. ಕೆಲವು ತಳಿಗಳಲ್ಲಿ ಒಣತೂಕದ ಅರ್ಧಕ್ಕಿಂತಲೂ ಹೆಚ್ಚು ಕೊಬ್ಬೇ!

ಆದರೆ ಹೊಟ್ಟೆ ತುಂಬ ಎಲ್ಲವನ್ನೂ ಕೊಟ್ಟರೆ ಅವು ಎಣ್ಣೆ ಕೂಡಿಡುವುದು ಕಡಿಮೆ. ಸಕ್ಕರೆ ಧಾರಾಳವಾಗಿರಬೇಕು, ಸಾರಜನಕ ಕೊರತೆಯಾಗಬೇಕು. ಸಾರಜನಕವಿಲ್ಲದೆ ಪ್ರೋಟೀನು ಕಟ್ಟಲಾಗದು, ಹೊಸ ಕೋಶ ಹುಟ್ಟದು. ಬಂದ ಸಕ್ಕರೆ ಕೊಬ್ಬಾಗಿ ಕೂಡುತ್ತದೆ. ಕಡಲೆಕಾಯಿ ಗಿಡವೋ, ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಗಾಳಿಯ ಸಾರಜನಕವನ್ನೇ ಪಡೆಯುತ್ತದೆ. ಒಂದಕ್ಕೆ ಸಾರಜನಕದ ಸಂಪಾದನೆ, ಇನ್ನೊಂದಕ್ಕೆ ಅದರ ಅಭಾವ. ಕೊನೆಗೆ ಎರಡರೊಳಗೂ ಎಣ್ಣೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ನಿರಂತರ ಹುದುಗುವಿಕೆ. ಕೆರೆಗೆ ಬಂದಷ್ಟೇ ನೀರು ಕೋಡಿಯಲ್ಲಿ ಹೋದರೆ ಮಟ್ಟ ಕದಲದು. ಹೀಗೆ ಯೀಸ್ಟು ಬೆಳೆಸುವ ತೊಟ್ಟಿಯೂ ಹಾಗೆಯೇ. ಒಂದು ಕಡೆ ಸಕ್ಕರೆಯ ನೀರು ಸತತವಾಗಿ ಒಳಗೆ, ಇನ್ನೊಂದು ಕಡೆ ಅಷ್ಟೇ ಯೀಸ್ಟು ಕೂಡಿದ ನೀರು ಹೊರಗೆ. ಫ್ರಾನ್ಸಿನ ಜಾಕ್ ಮೊನೊ, ಅಮೆರಿಕದ ನೋವಿಕ್ ಮತ್ತು ಸಿಲಾರ್ಡ್ ಈ ಉಪಾಯವನ್ನು 1950ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ಸಾಮಾನ್ಯ ತೊಟ್ಟಿಯಲ್ಲಿ ಯೀಸ್ಟು ಮೊದಲು ಬೆಳೆದು ಆಮೇಲೆ ಕೊಬ್ಬುತ್ತದೆ. ಇಲ್ಲಿ ಸಾರಜನಕವನ್ನು ಅಳೆದು ಉಣಿಸುವುದರಿಂದ ಬೆಳೆಯುವುದೂ ಕೊಬ್ಬುವುದೂ ಒಟ್ಟೊಟ್ಟಿಗೇ. ಹರಿವು ಜೋರಾದರೆ ಮಾತ್ರ ಕೋಶಗಳು ಮರಿಹಾಕುವ ಮೊದಲೇ ಕೊಚ್ಚಿಹೋಗುತ್ತವೆ.

ಯೀಸ್ಟಿನ ಎಣ್ಣೆಯಿಂದ ಗಾಣ ನಿಲ್ಲುತ್ತದೆಂದು ನಾನು ನಂಬುವುದಿಲ್ಲ. ಒಂದು ಕಿಲೋ ಎಣ್ಣೆಗೆ ಸುಮಾರು ಐದು ಕಿಲೋ ಸಕ್ಕರೆ ಬೇಕು. ಅಡುಗೆಯೆಣ್ಣೆಯ ದರಕ್ಕೆ ಅದು ಗಿಟ್ಟದು. ಅದಕ್ಕೇ ಹಾಲೊಡಕಿನಂಥ ಅಗ್ಗದ ಮೇವು ಹುಡುಕುತ್ತಾರೆ. ಕಡಲೆಕಾಯಿ ಸಿಪ್ಪೆಯಲ್ಲೂ ಸೆಲ್ಯುಲೋಸ್ ಇದೆ. ಒಡೆಯುವುದು ಕಷ್ಟ, ಒಡೆದರೆ ಸಕ್ಕರೆ. ಬೀಜದ ಎಣ್ಣೆಯನ್ನು ಕಾದ ಸಿಪ್ಪೆಯೂ ಹೀಗೆ ಎಣ್ಣೆಯಾಗಬಲ್ಲದು.