ಗುರಿ ತಪ್ಪಿದ ಮೃದ್ವಸ್ಥಿ

ಶ್ವಾಸಕೋಶದಲ್ಲಿ ಮೂಡುವ, ಕ್ಯಾನ್ಸರ್ ಅಲ್ಲದ ಗೆಡ್ಡೆಗಳ ಪೈಕಿ ಎಲ್ಲಕ್ಕಿಂತ ಸಾಮಾನ್ಯವಾದುದು ಹಮಾರ್ಟೋಮಾ. ಅದರ ಬಹುಭಾಗ ಮೃದ್ವಸ್ಥಿ, ಅಂದರೆ ಮೂಗಿನ ತುದಿಗೂ ಶ್ವಾಸನಾಳದ ಉಂಗುರಗಳಿಗೂ ಆಕಾರ ಕೊಡುವ, ಎಲುಬಿಗಿಂತ ಮೆದುವಾದ ಅಂಗಾಂಶ. ದೇಹಕ್ಕೆ ಅದು ಹೊರಗಿನದಲ್ಲ, ಉಸಿರಿನ ದಾರಿಗೂ ಅಪರಿಚಿತವಲ್ಲ. ಆದರೆ ಇಲ್ಲಿ ತನ್ನ ಅಗತ್ಯವೇ ಇಲ್ಲದ ಅಂಚಿನಲ್ಲಿ, ಕೊಬ್ಬು ಮತ್ತು ನಾರಿನೊಡನೆ ಕ್ರಮವಿಲ್ಲದೆ ಬೆರೆತು, ಬಹು ನಿಧಾನವಾಗಿ ಗುಂಡಗೆ ಬೆಳೆದಿರುತ್ತದೆ.

1904ರಲ್ಲಿ ಈ ಹೆಸರನ್ನು ರೂಪಿಸಿದ ಜರ್ಮನ್ ರೋಗಶಾಸ್ತ್ರಜ್ಞ ಓಯ್ಗೆನ್ ಆಲ್‌ಬ್ರೆಕ್ಟ್ ಆಯ್ದುಕೊಂಡದ್ದು ಗುರಿ ತಪ್ಪುವುದನ್ನು ಸೂಚಿಸುವ ಗ್ರೀಕ್ ಧಾತುವನ್ನು. ಅಂಗಾಂಶಗಳ ಜೋಡಣೆಯಲ್ಲಿ ಆದ ತಪ್ಪನ್ನಷ್ಟೇ ಅವರು ಹೇಳಬಯಸಿದ್ದರೂ, ಅದೇ ಧಾತುವಿನ ಹಮಾರ್ತಿಯಾ ಎಂಬ ಪದ ಅರಿಸ್ಟಾಟಲನಲ್ಲಿ ದುರಂತ ನಾಯಕನ ಪ್ರಮಾದವನ್ನೂ ಹೊಸ ಒಡಂಬಡಿಕೆಯಲ್ಲಿ ಪಾಪವನ್ನೂ ಸೂಚಿಸುತ್ತದೆ. ದೇಹದ ತಪ್ಪು ದೇಹಿಯ ತಪ್ಪೇ ಎಂಬ ಪ್ರಶ್ನೆ, ಹೀಗೆ, ರೋಗದ ಹೆಸರಿನೊಳಗೇ ಅಡಗಿದೆ.

ರೋಗವನ್ನು ಪಾಪದ ಫಲವೆಂದು ಓದುವ ಅಭ್ಯಾಸ ಎಲ್ಲ ಕಡೆಯದು. ನಮ್ಮ ಕರ್ಮವಿಪಾಕ ಗ್ರಂಥಗಳು ಒಂದೊಂದು ವ್ಯಾಧಿಗೂ ಹಿಂದಿನ ಜನ್ಮದ ಒಂದೊಂದು ಅಪರಾಧವನ್ನು ಹೊಂದಿಸಿದವು. ಆದರೆ ಆ ಅಭ್ಯಾಸವನ್ನು ತಡೆದ ಮಾತುಗಳೂ ಧರ್ಮಗ್ರಂಥಗಳಲ್ಲೇ ಇವೆ, ಮತ್ತು ಅವುಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳುವಾಗ ಬಳಕೆಯಾಗಿರುವುದು ಇದೇ ಧಾತುವಿನ ಕ್ರಿಯಾಪದ. ಯೇಸು ಎರಡನ್ನೂ ನಿರಾಕರಿಸುತ್ತಾನೆ.

ಆ ನಿರಾಕರಣೆಯನ್ನು ಮೃದ್ವಸ್ಥಿಯ ಮತ್ತೊಂದು ಗೆಡ್ಡೆಯ ಪಕ್ಕದಲ್ಲಿಟ್ಟು ನೋಡಬೇಕು. ಬಹುಪಾಲು ಮೃದ್ವಸ್ಥಿಯಿಂದಲೇ ಆದ ಕಾಂಡ್ರೋಮಾ, ಜಠರದ ಮತ್ತು ನರಸಂಬಂಧಿ ಗೆಡ್ಡೆಗಳ ಜೊತೆಗೂಡಿ ಹೆಚ್ಚಾಗಿ ಯುವತಿಯರಲ್ಲಿ ಕಾಣಿಸಿಕೊಳ್ಳುವುದನ್ನು 1977ರಲ್ಲಿ ಕಾರ್ನಿ ಎಂಬ ರೋಗಶಾಸ್ತ್ರಜ್ಞರು ಗುರುತಿಸಿದರು. ಈ ತ್ರಿಕ ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುವುದಲ್ಲ. ಮಗಳ ರೋಗಕ್ಕೆ ತಮ್ಮ ರಕ್ತದಲ್ಲಿ ಕಾರಣ ಹುಡುಕಿ ಕೊರಗುವ ತಾಯಿತಂದೆಯರ ಪಾಲಿಗೆ ಇದು ಸಣ್ಣ ಮಾತಲ್ಲ.

ಇಂಥದೇ ತಡೆಯ ಮಾತು ಬೌದ್ಧ ಗ್ರಂಥಗಳಲ್ಲೂ ಇದೆ. ಪಾಳಿಯ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಪೂರ್ವಕರ್ಮದ್ದೇ ಎಂಬ ವಾದವನ್ನು ಬುದ್ಧನ ಮುಂದಿಡುತ್ತಾನೆ. ಕರ್ಮವನ್ನು ಅಲ್ಲಗಳೆಯದ ಬುದ್ಧ ಅದನ್ನು ಎಂಟು ಕಾರಣಗಳಲ್ಲಿ ಒಂದಾಗಿ ಮಾತ್ರ ಎಣಿಸಿ, ಪಿತ್ತ, ಕಫ, ವಾತ ಮತ್ತು ಋತುವಿನ ಬದಲಾವಣೆಗಳನ್ನು ಅದರ ಜೊತೆಗಿಡುತ್ತಾನೆ. ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ಸ್ವತಃ ಬಲ್ಲದ್ದನ್ನೂ ಲೋಕ ಸತ್ಯವೆಂದು ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆಂದು ಹೇಳಿ, ತಪ್ಪನ್ನು ಅವರಲ್ಲೇ ಗುರುತಿಸುತ್ತಾನೆ.